ರಟ್ಟೆಯೊಳಗಿನ ಎಳೆಗಳು: ಗೆಳೆಯನಿಗೊಂದು ಪತ್ರ

ಧಾರವಾಡ

ಪ್ರಿಯ ಗೆಳೆಯಾ,

ಹೋದ ವಾರ ಬೆಟಗೇರಿಯ ನಿಮ್ಮ ಓಣಿಯ ಗರಡಿಮನೆಯ ಮುಂದೆ, ಸಾಮು ಮುಗಿಸಿ ಬಂದ ನಿನ್ನ ಅಕ್ಕನ ಮಗ ಮೊಳಕೈ ಮಡಚಿ ರಟ್ಟೆ ಉಬ್ಬಿಸಿ ತೋರಿಸಿದಾಗ, ಒಳಗಿನ ಮಾಂಸ ಮುದುಡಿಕೊಳ್ಳುತ್ತದೆಯೇ ಎಂದು ನೀನು ಕೇಳಿದ್ದೆ. ಅಷ್ಟರಲ್ಲಿ ಬಸ್ಸು ಬಂದು ಮಾತು ಅರ್ಧಕ್ಕೆ ನಿಂತಿತು. ಇಷ್ಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತ ಬಂದರೂ ಈ ವಿಷಯದ ಬೆರಗು ನನ್ನಲ್ಲಿ ಕಡಿಮೆಯಾಗಿಲ್ಲ. ಆದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ.

ನೇಕಾರರ ಮನೆಯಲ್ಲಿ ಬೆಳೆದ ನಿನಗೆ ಸ್ನಾಯುವಿನ ರಚನೆ ತಿಳಿಯುವುದು ಕಷ್ಟವಲ್ಲ. ಎಲುಬಿಗೆ ಅಂಟಿಕೊಂಡ ಸ್ನಾಯುವನ್ನು ಬಿಡಿಸಿದರೆ ನೂಲಿನ ಲಡಿಗಳಂತೆ ಕಟ್ಟುಗಳು ಸಿಗುತ್ತವೆ. ಪ್ರತಿ ಕಟ್ಟಿನಲ್ಲೂ ಉದ್ದನೆಯ ನಾರುಗಳಿವೆ. ಒಂದೊಂದು ನಾರೂ ಒಂದೊಂದು ಜೀವಕೋಶವೇ. ಗರ್ಭದಲ್ಲಿ ಹಲವು ಕೋಶಗಳು ಕೂಡಿ ಒಂದಾಗಿ ರೂಪುಗೊಂಡದ್ದರಿಂದ ಅದರಲ್ಲಿ ಕೋಶಕೇಂದ್ರಗಳು ಅನೇಕ. ನಾರಿನೊಳಗೆ ಇನ್ನೂ ಸಣ್ಣ ಎಳೆಗಳಿದ್ದು, ಅವುಗಳ ಉದ್ದಕ್ಕೂ ಸಾರ್ಕೋಮಿಯರ್ ಎಂಬ ಕೋಣೆಗಳು ಸಾಲಾಗಿ ಜೋಡಣೆಯಾಗಿವೆ. ಒಂದು ಕೋಣೆಯ ಉದ್ದ ಸುಮಾರು 2ರಿಂದ 2.5 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನಲ್ಲಿ ನಾಲ್ಕೈದು ನೂರು ಕೋಣೆಗಳು. ಕೋಣೆಯ ಎರಡೂ ಗೋಡೆಗಳಿಂದ ಆಕ್ಟಿನ್ ಎಂಬ ತೆಳು ತಂತುಗಳು ಒಳಮುಖವಾಗಿ ಚಾಚಿವೆ. ನಡುವೆ ಮಯೋಸಿನ್ ಎಂಬ ದಪ್ಪ ತಂತುಗಳಿವೆ.

ರಟ್ಟೆ ಗಿಡ್ಡವಾಗುವಾಗ ಈ ತಂತುಗಳಲ್ಲಿ ಯಾವುದೂ ಮುದುಡುವುದಿಲ್ಲ. ತೆಳು ತಂತುಗಳು ದಪ್ಪ ತಂತುಗಳ ನಡುವೆ ಜಾರಿ ಒಳಗೆ ಬರುತ್ತವೆ, ಗೋಡೆಗಳು ಹತ್ತಿರವಾಗುತ್ತವೆ, ಅಷ್ಟೆ. ಒಟ್ಟು ಗಾತ್ರ ಬದಲಾಗದ ಕಾರಣ ಉದ್ದ ಕಡಿಮೆಯಾದಷ್ಟು ದಪ್ಪ ಹೆಚ್ಚಿ ರಟ್ಟೆ ಉಬ್ಬುತ್ತದೆ. 1954ರಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ರೋಲ್ಫ್ ನೀಡರ್‌ಗೆರ್ಕೆ ಒಂದು ಕಡೆ, ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ, ಬೇರೆ ಬೇರೆಯಾಗಿ ದುಡಿದು ಇದೇ ತೀರ್ಮಾನಕ್ಕೆ ಬಂದರು. ಹಕ್ಸ್ಲಿಗಳಿಬ್ಬರೂ ಬಂಧುಗಳೇನಲ್ಲ.

ಜಾರಿಸುವವರು ಯಾರು ಎನ್ನುವುದೇ ನನಗೆ ಅತ್ಯಂತ ಪ್ರಿಯವಾದ ಭಾಗ. ಬಾವಿಯಿಂದ ಕೊಡ ಸೇದುವಾಗ ಒಂದು ಕೈ ಹಗ್ಗ ಹಿಡಿದಿರುತ್ತದೆ, ಇನ್ನೊಂದು ಕೈ ಬಿಟ್ಟು ಮುಂದಕ್ಕೆ ಹಿಡಿಯುತ್ತದೆ. ಮಯೋಸಿನ್ ತಂತುವಿನಿಂದ ಹೊರಚಾಚಿದ ನೂರಾರು ತಲೆಗಳು ಆಕ್ಟಿನ್ನನ್ನು ಹೀಗೆಯೇ ಸೇದುತ್ತವೆ. ಒಂದು ಎಳೆತಕ್ಕೆ ಸರಿಯುವ ದೂರ ಮಿಲಿಮೀಟರಿನ ಸುಮಾರು ಲಕ್ಷದ ಒಂದು ಪಾಲು. ನರದಿಂದ ಸೂಚನೆ ಬಂದಾಗ ನಾರಿನೊಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬಂದು ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಆಗ ಆಕ್ಟಿನ್ನಿನ ಮೇಲೆ ತಲೆಗಳು ಹಿಡಿಯುವ ಜಾಗವನ್ನು ಮುಚ್ಚಿಕೊಂಡಿದ್ದ ಇನ್ನೊಂದು ಪ್ರೋಟೀನು ಪಕ್ಕಕ್ಕೆ ಸರಿಯುತ್ತದೆ. ಕ್ಯಾಲ್ಸಿಯಂ ಮರಳಿ ಚೀಲ ಸೇರಿದರೆ ಸ್ನಾಯು ಸಡಿಲಗೊಳ್ಳುತ್ತದೆ.

ಎಳೆಯುವುದಕ್ಕಷ್ಟೇ ಶಕ್ತಿ ಬೇಕೆಂದು ನಾವು ತಿಳಿಯುತ್ತೇವೆ. ಆದರೆ ಹಿಡಿದ ತಲೆ ಹಿಡಿತ ಬಿಡಬೇಕಾದರೂ ಅದಕ್ಕೆ, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿಯ ಹೊಸದೊಂದು ಅಣು ಬಂದು ಕೂಡಬೇಕು. ಸತ್ತವರ ದೇಹ ಕೆಲವು ಗಂಟೆಗಳಲ್ಲಿ ಸೆಟೆದುಕೊಳ್ಳುವುದು ಇದರಿಂದಲೇ: ಎಟಿಪಿ ಮುಗಿದುಹೋಗಿ, ಹಿಡಿದ ತಲೆಗಳು ಹಿಡಿದಂತೆಯೇ ಉಳಿಯುತ್ತವೆ. ನಿಮ್ಮ ತಂದೆಯವರ ಅಂತ್ಯಕ್ರಿಯೆಯ ದಿನ ಅವರ ಬೆರಳು ಬಿಡಿಸಲಾಗದೆ ನೀನು ಅತ್ತದ್ದು ನನಗೆ ನೆನಪಿದೆ; ಅಂದು ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಅವರು ಏನನ್ನೂ ಹಿಡಿದುಕೊಂಡು ಹೋಗಲಿಲ್ಲ, ಗೆಳೆಯಾ.

ದಂಡ, ಬೈಠಕ್ ಹೊಡೆದರೆ ನಾರುಗಳ ಸಂಖ್ಯೆ ಹೆಚ್ಚುವುದಕ್ಕಿಂತ ಇರುವ ನಾರುಗಳೇ ದಪ್ಪವಾಗುತ್ತವೆ ಎಂದು ಹುಡುಗನಿಗೆ ತಿಳಿಸು. ರಜೆಯಲ್ಲಿ ಅವನನ್ನು ಇಲ್ಲಿಗೆ ಕಳಿಸು. ಸೂಕ್ಷ್ಮದರ್ಶಕದಲ್ಲಿ ಆ ನಾರುಗಳ ಪಟ್ಟೆಗಳನ್ನು ತೋರಿಸುತ್ತೇನೆ.

ನಿನ್ನ ಗೆಳೆಯ