ನಾಲ್ಕು ತಂಡ, ಒಂದು ಅರ್ಜಿ

ಪ್ರೀತಿಯ ಪುಟ್ಟಿ,

ನೀನು ತಂಡದ ಕಾರ್ಯದರ್ಶಿ ಆದೆ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಖುಷಿ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಇಪ್ಪತ್ತೆರಡು ವರ್ಷ ನಮ್ಮ ತಂಡದ ಖಜಾಂಚಿ ಆಗಿದ್ದವನು ನಾನು. ಬಣ್ಣ ಹಚ್ಚಿದ್ದು ನಾಲ್ಕೇ ಸಲ, ರಸೀದಿ ಪುಸ್ತಕ ಹಿಡಿದದ್ದಕ್ಕೆ ಲೆಕ್ಕವಿಲ್ಲ. ನಿಮ್ಮೂರಿನ ಎರಡು ನಾಟಕ ತಂಡ, ಒಂದು ಯಕ್ಷಗಾನ ಸಂಘ, ಒಂದು ಸಂಗೀತ ಸಭಾ ಸೇರಿ ಒಕ್ಕೂಟ ಮಾಡಲು ಹೊರಟಿದ್ದೀರಂತೆ. ಮಾಡಿ. ಆದರೆ ಬೇಕಾದ್ದನ್ನು ಒಟ್ಟಿಗೆ ಅರ್ಜಿ ಹಾಕಿ ಕೇಳುವುದು ಬೇರೆ, ಒಟ್ಟಿಗೆ ದುಡ್ಡು ಇಟ್ಟುಕೊಳ್ಳುವುದು ಬೇರೆ. ಮೊದಲನೆಯದನ್ನು ನಾಳೆಯೇ ಶುರು ಮಾಡಿ. ಎರಡನೆಯದಕ್ಕೆ ಅವಸರ ಬೇಡ.

ನಮ್ಮ ಕಥೆ ಕೇಳು. ನಾವು ಮೂರು ತಂಡದವರು ಸಮಪಾಲು ಹಾಕಿ ಹನ್ನೆರಡು ಲೈಟು, ಬೆಳಕು ಹೆಚ್ಚು ಕಡಿಮೆ ಮಾಡುವ ಒಂದು ಡಿಮ್ಮರ್ ಕೊಂಡೆವು. ಪೂಜೆ ಮಾಡಿ ಕಾಯಿ ಒಡೆದೆವು. ಮೊದಲ ವರ್ಷ ಚೆನ್ನಾಗಿ ನಡೆಯಿತು. ಎರಡನೇ ವರ್ಷ ಒಂದೇ ರಾತ್ರಿಗೆ ಇಬ್ಬರಿಗೂ ಲೈಟು ಬೇಕಾಯಿತು. ಆಮೇಲೆ ಬಲ್ಬು ಸುಟ್ಟರೆ ದುಡ್ಡು ಯಾರದ್ದು ಅಂತ ಜಗಳ. ಒಂದು ಸಾಲೂ ಬರೆದಿಟ್ಟಿರಲಿಲ್ಲ. ಸ್ನೇಹಿತರ ಮಧ್ಯೆ ಕಾಗದ ಯಾಕೆ ಅಂದುಕೊಂಡಿದ್ದೆವು. ಕೊನೆಗೆ ನಾಲ್ಕು ವರ್ಷ ಒಬ್ಬರ ನಾಟಕಕ್ಕೆ ಇನ್ನೊಬ್ಬರು ಹೋಗಲಿಲ್ಲ. ಸಣ್ಣ ಊರಿನಲ್ಲಿ ಮೊದಲ ಎರಡು ಸಾಲು ತುಂಬುವುದೇ ಬೇರೆ ತಂಡದವರಿಂದ ಅಲ್ವಾ? ಆ ಸಾಲುಗಳು ಖಾಲಿ ಹೊಡೆದವು.

ಅದೇ ಮೂರು ತಂಡ ತಿರುಗಾಟದ ನಾಟಕ ಬಂದಾಗ ಜಗಳ ಇಲ್ಲದೆ ಕೆಲಸ ಮಾಡಿದ್ದುಂಟು. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್ 1985ರಿಂದ ಊರೂರಿಗೆ ನಾಟಕ ಕಳಿಸುತ್ತಿದೆ, ನಿನಗೆ ಗೊತ್ತು. ಆಯಾ ಊರಿನಲ್ಲಿ ಯಾರಾದರೂ ಹೊಣೆ ಹೊತ್ತರೆ ಮಾತ್ರ ಅದು ನಡೆಯುತ್ತದೆ. ನಮ್ಮಲ್ಲಿ ಒಂದು ತಂಡ ರಂಗಮಂದಿರ ನೋಡಿಕೊಂಡಿತು, ಒಂದು ತಂಡ ಊಟ, ಮಲಗುವ ವ್ಯವಸ್ಥೆ. ನಾವು ಟಿಕೆಟ್ ಮಾರಿದೆವು. ಯಾರ ದುಡ್ಡೂ ಯಾರ ಕೈಗೂ ಹೋಗಲಿಲ್ಲ. ಕೆಲಸ ಹಂಚಿಕೊಂಡೆವು, ಗಂಟು ಹಂಚಿಕೊಳ್ಳಲಿಲ್ಲ. ಈ ವ್ಯತ್ಯಾಸ ನನಗೆ ತಲೆಗೆ ಹೋಗಿದ್ದು ತುಂಬಾ ತಡವಾಗಿ.

ಹಾಗಾದರೆ ಒಟ್ಟಿಗೆ ಏನು ಕೇಳಬೇಕು? ಎಲ್ಲರಿಗೂ ನೋವಿರುವುದನ್ನು. ರಂಗಮಂದಿರದ ಸೋರುವ ಮಾಡು, ಗ್ರೀನ್ ರೂಮಿನಲ್ಲಿ ಇಲ್ಲದ ಶೌಚಾಲಯ, ಬಾಡಿಗೆ. ಹೆಣ್ಣುಮಕ್ಕಳು ಬಣ್ಣ ಹಚ್ಚಿಕೊಂಡು ಪಕ್ಕದ ಮನೆಗೆ ಓಡುವುದನ್ನು ಎಷ್ಟು ವರ್ಷ ನೋಡುವುದು? ಒಬ್ಬೊಬ್ಬರೇ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋದರೆ ಟೀ ಸಿಗುತ್ತದೆ. ನಾಲ್ಕು ಲೆಟರ್‌ಹೆಡ್, ನಾಲ್ಕು ಸಹಿ ಇರುವ ಒಂದೇ ಅರ್ಜಿ ಕೊಟ್ಟರೆ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಸಿಗುತ್ತದೆ. ಅದರಲ್ಲಿ ಗೋಳು ಬರೆಯಬೇಡಿ. ಕಳೆದ ವರ್ಷ ಎಷ್ಟು ಪ್ರದರ್ಶನ, ಎಷ್ಟು ಜನ ನೋಡಿದರು, ಎಷ್ಟು ರಾತ್ರಿ ಮಳೆಗೆ ನಿಂತಿತು, ಇಷ್ಟು ಬರೆಯಿರಿ. ಅದೇ ಅರ್ಜಿಯ ಪ್ರತಿ ಶಾಸಕರಿಗೂ ಇರಲಿ. ಕಟ್ಟಡದ ಕೆಲಸ ಅವರ ಪ್ರದೇಶಾಭಿವೃದ್ಧಿ ನಿಧಿಯಿಂದಲೂ ಆಗಬಹುದು.

ಯಕ್ಷಗಾನದವರ ಮೈಕಿನ ತಾಪತ್ರಯವನ್ನೂ ನಿಮ್ಮದೇ ಅಂದುಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಎಷ್ಟೋ ಮೇಳಗಳು ಬೆಳಗಿನವರೆಗಿನ ಆಟ ಬಿಟ್ಟು ಕೆಲವೇ ಗಂಟೆಗಳ ಕಾಲಮಿತಿ ಆಟಕ್ಕೆ ಬಂದವು. ಆದರೆ ಅದೇ ನಿಯಮದಲ್ಲಿ ಒಂದು ಕಿಂಡಿ ಇದೆ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷದಲ್ಲಿ ಒಟ್ಟು 15 ದಿನ ಮೀರದಂತೆ ರಾಜ್ಯ ಸರ್ಕಾರ ರಾತ್ರಿ ಹನ್ನೆರಡರವರೆಗೆ ಬಿಡಬಹುದು. ಆ ದಿನಗಳನ್ನು ಮೊದಲೇ ಗೊತ್ತು ಮಾಡಬೇಕು. ಆಟದ ರಾತ್ರಿ ಇನ್‌ಸ್ಪೆಕ್ಟರ್ ಕಾಲು ಹಿಡಿದರೆ ಅವರಾದರೂ ಏನು ಮಾಡುತ್ತಾರೆ? ವರ್ಷದ ಶುರುವಿನಲ್ಲೇ ಜಿಲ್ಲಾಡಳಿತಕ್ಕೆ ನಾಲ್ಕೂ ಸಂಘದ ದಿನಾಂಕಗಳನ್ನು ಒಟ್ಟಿಗೆ ಕೊಡಿ.

ಇನ್ನು ಕಂಪನಿ ದುಡ್ಡು. ನಿಮ್ಮ ಗೆಳೆಯರು ಒಕ್ಕೂಟ ನೋಂದಣಿ ಆದ ಕೂಡಲೇ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ದುಡ್ಡು, ಬರುತ್ತೆ ಅಂದುಕೊಂಡ ಹಾಗಿದೆ. ಬರುವುದಿಲ್ಲ. 2013ರ ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಕಲೆ, ಸಂಸ್ಕೃತಿ ಇದೆ, ನಿಜ. ಆದರೆ ನಿಮ್ಮಂಥ ಸಂಘದ ಮೂಲಕ ಖರ್ಚು ಮಾಡಬೇಕಾದರೆ ಆ ಸಂಘಕ್ಕೆ ಆದಾಯ ತೆರಿಗೆಯವರ 12ಎ, 80ಜಿ ಅನ್ನುವ ನೋಂದಣಿ ಇರಬೇಕು, ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನುವ ನೋಂದಣಿ ಫಾರಂ ಕೂಡ ತುಂಬಬೇಕು. ನಿನ್ನೆ ಹುಟ್ಟಿದ ಒಕ್ಕೂಟಕ್ಕೆ ಮೂರು ವರ್ಷ ಎಲ್ಲಿಂದ ತರುತ್ತೀರಿ? ನಾಲ್ವರಲ್ಲಿ ಯಾರ ಆಡಿಟ್ ಚೊಕ್ಕಟವಾಗಿದೆಯೋ ಅವರ ಹೆಸರಿನಲ್ಲಿ ಕೇಳಿ. ನನ್ನ ಅಂದಾಜು, ಸಂಗೀತ ಸಭಾದವರು. ಆಗಂತೂ ಕಾಗದ ಬೇಕೇ ಬೇಕು. ಯಾವ ಕೆಲಸಕ್ಕೆ ಎಷ್ಟು, ಚೆಕ್ಕಿಗೆ ಯಾರ ಸಹಿ, ಬಿಲ್ಲು ಯಾವ ತಾರೀಕಿನೊಳಗೆ, ಎಲ್ಲ ಬರೆದು ನಾಲ್ಕೂ ಸಂಘಗಳಲ್ಲಿ ಠರಾವು ಮಾಡಿಸಿ. ದುಡ್ಡಿನ ಹೊಣೆ ಕೊನೆಗೆ ಯಾರ ಹೆಸರಿನಲ್ಲಿ ಕೇಳಿದಿರೋ ಅವರ ತಲೆ ಮೇಲೇ ಬೀಳುವುದು, ಅದಕ್ಕೆ ಅವರು ಬಿಲ್ಲು ಕೇಳಿದರೆ ಸಿಟ್ಟಾಗಬೇಡಿ.

ಅಮೆರಿಕದಲ್ಲಿರುವ ನಿನ್ನ ದೊಡ್ಡಣ್ಣ ಸಹಾಯ ಮಾಡುತ್ತೇನೆ ಅಂದನಂತೆ. ಅವನ ಪಾಸ್‌ಪೋರ್ಟು ಇನ್ನೂ ಭಾರತದ್ದೇ ಇದ್ದರೆ ಸ್ವಂತ ಉಳಿತಾಯದ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಬಹುದು. ಅಲ್ಲಿನ ಪೌರತ್ವ ತಗೊಂಡಿದ್ದರೆ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಮುಟ್ಟಬೇಡ. ಅನುಮತಿ ಇರುವ ಬೇರೆ ಸಂಸ್ಥೆಗೆ ಹಾಕಿಸಿ ಅಲ್ಲಿಂದ ತಗೊಳ್ಳೋಣ ಅಂತ ಯಾರಾದರೂ ಬುದ್ಧಿವಂತರು ಹೇಳಬಹುದು. 2020ರ ತಿದ್ದುಪಡಿಯಲ್ಲಿ ಅದಕ್ಕೂ ಬಾಗಿಲು ಹಾಕಿದ್ದಾರೆ.

ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಅನ್ನುವ ರಗಳೆ ಬಂದೇ ಬರುತ್ತದೆ. ಅಕಾರಾದಿ ಹಾಕಿಬಿಡಿ. ನಿಮ್ಮ ತಂಡ ಕೊನೆಗೆ ಬರುತ್ತದೆ, ಲೆಕ್ಕ ಹಾಕಿ ನೋಡಿದೆ. ಇರಲಿ ಬಿಡು.

ಭಾನುವಾರ ಸಭೆಗೆ ಮೊದಲು ಒಂದು ದಿನ ಇಲ್ಲಿಗೆ ಬಾ. ನಿಮ್ಮ ಬೈಲಾ, ಹೋದ ವರ್ಷದ ಆಡಿಟ್ ವರದಿ ತಾ, ಕೂತು ಓದೋಣ. ಅತ್ತೆ ಹಲಸಿನ ಹಪ್ಪಳ ಎತ್ತಿಟ್ಟಿದ್ದಾಳೆ. ಆ ಹನ್ನೆರಡು ಲೈಟಿನಲ್ಲಿ ನಾಲ್ಕು ನಮ್ಮ ಅಟ್ಟದಲ್ಲೇ ಇವೆ. ಉರಿಯುತ್ತವೋ ಇಲ್ಲವೋ, ಇಳಿಸಿ ನೋಡೋಣ.

ನಿನ್ನ ಮಾವ