ಚೀಟಿ ಬರೆದು ಪರ್ಸಿನಲ್ಲಿಟ್ಟುಕೋ

ಸಾಗರ
ಆರಿದ್ರಾ ಮಳೆ ಹಿಡಿದ ಮೂರನೇ ದಿನ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಹೋದ ವಾರ ಒಂದಿಷ್ಟು ಹೊಳವಾಗಿತ್ತಲ್ಲ, ನಿನ್ನ ಫೋನು ಬಂದಾಗ ಕೊನೆಗೌಡ ಅಡಿಕೆ ಮರದ ಮೇಲಿದ್ದ, ಔಷಧಿ ಹೊಡೆಯುವ ಬೋರ್ಡೋ ದ್ರಾವಣದ ಪೈಪು ನನ್ನ ಕೈಯಲ್ಲಿತ್ತು. ಟೈಫಾಯ್ಡ್ ತರುವ ಜಾತಿಯ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾವನ್ನು ಸಾಧು ಮಾಡಿ, ಅದರ ಬೆನ್ನ ಮೇಲೆ ಬೇರೆ ರೋಗದ ಲಸಿಕೆ ಹೇರಿ ಕಳಿಸುವ ಕೆಲಸ ಸಿಕ್ಕಿತು ಅಂದೆ. ಅರ್ಧ ಕೇಳಿಸಿತು, ಇನ್ನರ್ಧ ಮೋಟರಿನ ಸದ್ದಿಗೆ ಹೋಯಿತು. ಅದಕ್ಕೇ ಈ ಕಾಗದ.

ನಿನ್ನ ಅಮ್ಮನಿಗೆ ದಿಗಿಲು. "ಜೀವ ಇರೋ ರೋಗಾಣು ಮುಟ್ಟೋ ಕೆಲಸ ಇವಳಿಗೆ ಯಾಕಣ್ಣಾ?" ಅಂದಳು. ಹೆಪ್ಪಿನ ಲೆಕ್ಕದಲ್ಲಿ ಹೇಳಿದೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಹೆಪ್ಪಿಗೆ ಜೀವ ಬೇಕು. ಜೀವವಿರುವ ಲಸಿಕೆ ನಾಲ್ಕು ದಿನ ಮೈಯೊಳಗೆ ಬೆಳೆದು, ತನ್ನ ಗುರುತು ಹಿಡಿಸಿ ಹೋಗುತ್ತದೆ. ಕೊಂದ ಲಸಿಕೆಯನ್ನು ಮತ್ತೆ ಮತ್ತೆ ಕೊಡಬೇಕು. ಮಂಗನ ಕಾಯಿಲೆಯದ್ದು ಹಾಗೇ ಇತ್ತಲ್ಲ, ಫಾರ್ಮಲಿನ್ ಹಾಕಿ ಕೊಂದ ವೈರಸ್ಸು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರು, ಆಮೇಲೆ ವರ್ಷ ವರ್ಷ. ಮೊದಲ ಚುಚ್ಚಿಗೇ ತೋಳು ನೋಯಿಸಿಕೊಂಡವರು ಎರಡನೆಯದಕ್ಕೆ ಎಲ್ಲಿ ಬರುತ್ತಾರೆ? 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕ ರೋಗ ಅದು. 2022ರಲ್ಲಿ ಆ ಲಸಿಕೆಯೂ ನಿಂತಿತು. ಬಾಯಿಗೆ ಹಾಕಿ ಕಳಿಸುವಂಥ ಲಸಿಕೆಯ ಬೆಲೆ ನಮ್ಮೂರಿನವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಕೆಲಸ ಒಳ್ಳೆಯದು, ಹೋಗು ಅಂತಲೇ ನನ್ನ ಮಾತು.

ಆದರೆ ನನ್ನ ಎಡಗೈ ಹೆಬ್ಬೆರಳಿನ ವಿಷಯ ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ದನಗಳ ಕಂದು ರೋಗಕ್ಕೆ, ಅಂದರೆ ಗಬ್ಬದ ದನ ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ಬ್ಯಾಕ್ಟೀರಿಯಾದ ರೋಗಕ್ಕೆ, ಎಸ್-19 ಅಂತ ಜೀವಂತ ಲಸಿಕೆ ಇದೆ, ನೀನು ಓದಿರುತ್ತೀ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಮಾತ್ರ. ಅದರ ಹುಟ್ಟು ಕೇಳಿದರೆ ನಗು ಬರುತ್ತದೆ. 1923ರಲ್ಲಿ ಅಮೆರಿಕದಲ್ಲಿ ಜಾನ್ ಬಕ್ ಎಂಬುವರು ಜೆರ್ಸಿ ಹಸುವಿನ ಹಾಲಿನಿಂದ ತೆಗೆದ ಬ್ರುಸೆಲ್ಲಾ, ವರ್ಷಕ್ಕೂ ಮೇಲ್ಪಟ್ಟು ಮೇಜಿನ ಮೇಲೆ ಹಾಗೇ ಉಳಿದು ತಾನಾಗಿ ಕಸುವು ಕಳೆದುಕೊಂಡಿತು. ಅದೇ ಲಸಿಕೆಯಾಯಿತು. ಆದರೆ ದನಕ್ಕೆ ಸಾಧುವಾದದ್ದು ಮನುಷ್ಯನಿಗೆ ಸಾಧುವಲ್ಲ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು ಅಂತ ನಾನೇ ಹುಡುಗರಿಗೆ ಪಾಠ ಹೇಳುತ್ತಿದ್ದವನು.

ಒಂದು ಮಳೆಗಾಲ, ಒಬ್ಬರ ಕೊಟ್ಟಿಗೆ. ಒಳಗೆ ಕತ್ತಲು, ಕಾಲಡಿ ಹಸಿ ಸೊಪ್ಪು, ಗಿಡ್ಡ ತಳಿಯ ಕರು. ಗಿಡ್ಡಗಳ ಬುದ್ಧಿ ಗೊತ್ತಲ್ಲ, ಕಿವಿ ಮುಟ್ಟಿದರೆ ಬಾಲದ ತನಕ ಪುಟಿಯುತ್ತವೆ. ಗವಸು ಒದ್ದೆಯಾಗಿ ಜಾರುತ್ತಿತ್ತು, ತೆಗೆದು ಜೇಬಿಗೆ ಹಾಕಿದ್ದೆ. ಕುತ್ತಿಗೆಯ ಚರ್ಮ ಹಿಡಿದೆತ್ತಿ ಸೂಜಿ ಹಾಕುವಾಗ ಕರು ಕೊಸರಿತು. ಸೂಜಿ ಚರ್ಮದ ಆಚೆ ದಾಟಿ ಹೆಬ್ಬೆರಳಿಗೆ ಇಳಿಯಿತು. ನೋವೂ ಆಗಲಿಲ್ಲ. ಮನೆಯವರು ಕೊಟ್ಟ ಚೊಂಬಿನ ನೀರಲ್ಲಿ ಸೋಪು ಹಾಕಿ ತೊಳೆದೆ, ಉಳಿದ ಎರಡು ಕರುಗಳಿಗೂ ಹಾಕಿದೆ, ಕಾಫಿ ಕುಡಿದು ಬಂದೆ. ಯಾರಿಗೂ ಹೇಳಲಿಲ್ಲ. ನಾಚಿಕೆ, ಅಷ್ಟೇ.

ಮೂರು ವಾರಕ್ಕೆ ಸಂಜೆ ಜ್ವರ ಶುರುವಾಯಿತು. ರಾತ್ರಿ ಬೆವರಿ ಹಾಸಿಗೆಯೆಲ್ಲ ಒದ್ದೆ, ಬೆಳಿಗ್ಗೆ ಏನೂ ಆಗದವನ ಹಾಗೆ ಎದ್ದು ಓಡಾಟ. ಸೊಂಟ ಹಿಡಿದುಕೊಂಡು ಬಿಟ್ಟಿತು. ಮೊದಲು ತೋರಿಸಿದ ಡಾಕ್ಟರು ಇಲಿಜ್ವರ ಅಂದರು, ಟೈಫಾಯ್ಡ್ ಅಂದರು, ಮಂಗನ ಕಾಯಿಲೆ ಇರಬಹುದೆಂದು ರಕ್ತ ಕಳಿಸಿದರು. ಏನು ಕೆಲಸ ಮಾಡುತ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಒಂದೂವರೆ ತಿಂಗಳು ಹೀಗೇ ಹೋದ ಮೇಲೆ ನಿನ್ನ ಅತ್ತೆಯೇ ಗದರಿಸಿ ಬೇರೆ ಡಾಕ್ಟರಲ್ಲಿಗೆ ಹೊರಡಿಸಿದಳು. ಆ ಲಸಿಕೆಯ ಬ್ರುಸೆಲ್ಲಾವೇ ಮೈಗೆ ಸೇರಿತ್ತು. ಆಮೇಲೆ ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್ ಎಂಬ ಆಂಟಿಬಯೊಟಿಕ್ ಎರಡೂ, ಆರು ವಾರ. ಆ ಕೆಂಪು ಮಾತ್ರೆಗೆ ಮೂತ್ರ ಕೂಡ ಕಿತ್ತಳೆ ಬಣ್ಣ. ಗುಣವಾಯಿತು.

ಈಗ ಯೋಚನೆ ಮಾಡು. ಎಸ್-19ರ ಬದಲಿಗೆ ಅಮೆರಿಕದವರು 1996ರಿಂದ ಆರ್‌ಬಿ-51 ಅಂತ ಇನ್ನೊಂದು ತಳಿ ಬಳಸುತ್ತಿದ್ದಾರೆ. ಜಾಣ ಕೆಲಸ. ಲಸಿಕೆ ಹಾಕಿದ ದನ ಯಾವುದು, ರೋಗದ ದನ ಯಾವುದು ಅಂತ ರಕ್ತದಲ್ಲೇ ತಿಳಿಯುತ್ತದೆ. ಆದರೆ ಆ ತಳಿಯನ್ನು ಆರಿಸಿ ತೆಗೆದದ್ದೇ ರಿಫಾಂಪಿಸಿನ್ ಹಾಕಿದ ಆಹಾರದಲ್ಲಿ ಬೆಳೆಸಿ. ಅಂದರೆ ನನ್ನನ್ನು ಉಳಿಸಿದ ಎರಡು ಮಾತ್ರೆಗಳಲ್ಲಿ ಒಂದು ಅದಕ್ಕೆ ತಾಗುವುದೇ ಇಲ್ಲ. ಮನುಷ್ಯನಿಗೆ ತಗುಲಿದರೆ ಮಾಮೂಲಿ ರಕ್ತಪರೀಕ್ಷೆಯಲ್ಲೂ ಸಿಗುವುದಿಲ್ಲ. ದನಕ್ಕೆ ಅನುಕೂಲವಾದ ಗುಣವೇ ಮನುಷ್ಯನಿಗೆ ಕುತ್ತು. 2017ರಲ್ಲಿ ಟೆಕ್ಸಾಸ್‌ನಲ್ಲಿ ಹಸಿ ಹಾಲು ಕುಡಿದವರೊಬ್ಬರಿಗೆ ಇದೇ ತಳಿ ತಗುಲಿದ್ದು ದೊಡ್ಡ ಸುದ್ದಿಯಾಗಿತ್ತು. ನಿನ್ನ ಸಾಲ್ಮೊನೆಲ್ಲಾಕ್ಕೆ ಹೊರೆ ಹೇರುವಾಗ ಗುರುತಿಗಾಗಿ ಆಂಟಿಬಯೊಟಿಕ್ ತಡೆಯುವ ಜೀನ್ ಹಾಕುವುದು ಸುಲಭದ ದಾರಿ ಅಂತ ಯಾರಾದರೂ ಹೇಳಿದರೆ, ನನ್ನ ಹೆಬ್ಬೆರಳನ್ನು ನೆನೆಸಿಕೋ. ಅಮೆರಿಕದ ವಿಜ್ಞಾನಿ ರಾಯ್ ಕರ್ಟಿಸ್ ಅವರ ತಂಡ 1988ರಲ್ಲಿ ತೋರಿಸಿದ ದಾರಿ ಇದೆಯಲ್ಲ, ಎಎಸ್‌ಡಿ ಜೀನ್‌ದು, ಅದು ನನಗೆ ಬಹಳ ಮೆಚ್ಚು. ಆ ಜೀನ್ ಕಿತ್ತರೆ ಬ್ಯಾಕ್ಟೀರಿಯಾಕ್ಕೆ ಗೋಡೆ ಕಟ್ಟಲು ಬೇಕಾದ ಡಿಎಪಿ ಎಂಬ ಅಮೈನೊ ಆಮ್ಲ (ಗೊಬ್ಬರದ ಡಿಎಪಿ ಅಲ್ಲ) ತಯಾರಿಸಲು ಬರುವುದಿಲ್ಲ, ನಮ್ಮ ಮೈಯಲ್ಲೂ ಅದು ಸಿಗುವುದಿಲ್ಲ, ಒಡೆದು ಸಾಯುತ್ತದೆ. ಅದೇ ಜೀನನ್ನು ಲಸಿಕೆಯ ಹೊರೆಯ ಜೊತೆ ಪುಟ್ಟ ಡಿಎನ್‌ಎ ಉಂಗುರವಾದ ಪ್ಲಾಸ್ಮಿಡ್‌ನಲ್ಲಿ ಕಟ್ಟಿ ಕೊಟ್ಟರೆ, ಹೊರೆ ಇಳಿಸಿದ ಬ್ಯಾಕ್ಟೀರಿಯಾ ಅಲ್ಲೇ ಸತ್ತಿತು. ಆಂಟಿಬಯೊಟಿಕ್ಕಿನ ಗೊಡವೆಯೇ ಬೇಡ. (ತಲೆಹೊರೆಯವನಿಗೆ ಬುತ್ತಿಯನ್ನೂ ಅದೇ ಗಂಟಿನಲ್ಲಿ ಕಟ್ಟಿಕೊಟ್ಟ ಹಾಗೆ.)

ಇನ್ನೊಂದು ಮಾತು. ಕಸುವು ಕುಂದಿದೆ ಅಂದರೆ ಸಾಲದು, ಯಾವುದರಿಂದ ಕುಂದಿತು ಅಂತ ಗೊತ್ತಿರಬೇಕು. ಟೈಫಾಯ್ಡಿನ ಬಾಯಿ ಲಸಿಕೆ ಟಿವೈ-21ಎ ನೋಡು. ಸ್ವಿಟ್ಜರ್ಲೆಂಡಿನಲ್ಲಿ ರಾಸಾಯನಿಕ ಕೊಟ್ಟು ಜೀನ್ ಕೆಡಿಸಿ ಮಾಡಿದ್ದು, 1975ರಲ್ಲಿ ಪ್ರಕಟವಾಯಿತು. ಗ್ಯಾಲ್-ಇ ಎಂಬ ಜೀನ್ ಹೋದದ್ದರಿಂದಲೇ ಅದು ಸಾಧುವಾಯಿತು ಅಂತ ಎಲ್ಲರ ನಂಬಿಕೆ. ಸರಿ, 1988ರ ಹೊತ್ತಿಗೆ ಇನ್ನೊಂದು ತಂಡ ಅದೇ ಮೂಲ ತಳಿಯಲ್ಲಿ ಗ್ಯಾಲ್-ಇ ಕೆಡಿಸಿ, ಬ್ಯಾಕ್ಟೀರಿಯಾದ ಮೈಮೇಲಿನ ವಿಐ ಹೊದಿಕೆಯನ್ನೂ ಇಲ್ಲದ ಹಾಗೆ ಮಾಡಿ ಸ್ವಯಂಸೇವಕರಿಗೆ ಕುಡಿಸಿತು. ಟೈಫಾಯ್ಡಿನಂಥ ಜ್ವರವೇ ಬಂತು! ಟಿವೈ-21ಎ ಒಳ್ಳೆಯ ಲಸಿಕೆಯೇ, ಆದರೆ ಅದನ್ನು ಹಿಡಿದಿಟ್ಟಿರುವ ಬೀಗ ಜನ ಅಂದುಕೊಂಡದ್ದಲ್ಲ.

ಬೀಗ ಎರಡು ಹಾಕಿದ್ದೇವೆ ಅಂತಲೂ ಬೀಗಬೇಡ. ಸಿವಿಡಿ-908 ಎಂಬ ಟೈಫಾಯ್ಡ್ ಲಸಿಕೆಯ ತಳಿಯಲ್ಲಿ ಆರೊ-ಸಿ, ಆರೊ-ಡಿ ಎಂಬ ಜೀನ್ ಎರಡನ್ನೂ ಕಿತ್ತಿದ್ದರು, ಎರಡೂ ಒಂದೇ ದಾರಿಯ ಬೀಗಗಳು. ಒಂದು ಜೀನ್ ಹೇಗೋ ವಾಪಸು ಬಂದರೆ ಇನ್ನೊಂದು ತಡೆಯುತ್ತದೆ, ಅದು ನಿಜ. ಆದರೂ ಸ್ವಯಂಸೇವಕರ ರಕ್ತದಲ್ಲಿ ಆ ಬ್ಯಾಕ್ಟೀರಿಯಾ ಸಿಕ್ಕಿತು. ಜ್ವರವಿಲ್ಲ, ಏನಿಲ್ಲ, ಸುಮ್ಮನೆ ರಕ್ತದಲ್ಲಿ ಓಡಾಡುತ್ತಿತ್ತು. ಬೇರೆಯೇ ಕೆಲಸದ ಎಚ್‌ಟಿಆರ್-ಎ ಜೀನನ್ನೂ ತೆಗೆದ ಮೇಲೆ ರಕ್ತದಲ್ಲಿ ಕಾಣುವುದು ನಿಂತಿತು. ಹಿಂಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಎರಡೆರಡು ಚಿಲಕ ಹಾಕುವ ಮನೆ ನಮ್ಮೂರಲ್ಲೂ ಇದೆ, ಯಾರದ್ದು ಅಂತ ನಿನಗೆ ಗೊತ್ತು.

ಹಾಗಂತ ಹೆದರಿ ಹೆದರಿ ಪೂರಾ ನಿತ್ರಾಣ ಮಾಡಿದರೆ ಹೊಟ್ಟೆಯ ಆಮ್ಲ ದಾಟುವುದರೊಳಗೆ ಸತ್ತು, ಕುದಿಯುವ ಹಾಲಿನ ಹೆಪ್ಪಿನ ಕಥೆಯಾಗುತ್ತದೆ. ಒಳಗೆ ಹೋಗುವಾಗ ಗಟ್ಟಿ, ಹೋದ ಮೇಲೆ ನಿಧಾನಕ್ಕೆ ಕುಗ್ಗುವ ತಳಿಗಳೂ ಬಂದಿವೆಯಂತಲ್ಲ, ಅರಬಿನೋಸ್ ಸಕ್ಕರೆ ಸಿಗುವ ತನಕ ಜೋರು, ಸಿಗದಿದ್ದರೆ ಮೆತ್ತಗೆ. ಅದನ್ನು ನೀನೇ ಬಂದಾಗ ಬಿಡಿಸಿ ಹೇಳು.

ಫ್ರಿಜ್ಜಿನ ವಿಷಯ. 1930ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಕ್ಷಯದ ಲಸಿಕೆ ಬಿಸಿಜಿ ಕುಡಿಸಿದ ಸುಮಾರು 250 ಹಸುಗೂಸುಗಳಲ್ಲಿ 72 ಸತ್ತವು. ಬಿಸಿಜಿಯದ್ದೇನೂ ತಪ್ಪಿರಲಿಲ್ಲ. ಅದೇ ಲ್ಯಾಬಿನಲ್ಲಿ ಇಟ್ಟಿದ್ದ ನಿಜವಾದ ಕ್ಷಯದ ಕಲ್ಚರು ಸೇರಿಹೋಗಿತ್ತು. ನಿನ್ನ ಸಾಧು ತಳಿ, ಅದರ ಮೂಲದ ಕಾಡು ತಳಿ, ಎರಡನ್ನೂ ಒಂದೇ ಹಲಗೆಯ ಮೇಲೆ ಇಡಬೇಡ. ಜಾಗ ಇಲ್ಲ ಅಂತ ಯಾರಾದರೂ ಅಂದರೆ ಜಗಳವಾಡು. ಜಗಳದಲ್ಲಿ ನೀನು ನಿನ್ನಮ್ಮನ ಮಗಳೇ.

ಅಪ್ಪೆಮಿಡಿ ಉಪ್ಪಿನಕಾಯಿ ನಾಳೆಯ ಬಸ್ಸಿಗೆ ಕಳಿಸುತ್ತೇನೆ, ಹುಡುಗ ಮೆಜೆಸ್ಟಿಕ್‌ನಲ್ಲಿ ಕೊಡುತ್ತಾನೆ. ಅದು ಕೈಗೆ ಬಂದ ದಿನವೇ ಒಂದು ಕೆಲಸ ಮಾಡು. ಒಂದು ಚೀಟಿಯಲ್ಲಿ ನೀನು ಮುಟ್ಟುವ ತಳಿಯ ಹೆಸರು, ಅದು ಯಾವ ಔಷಧಿಗೆ ಸಾಯುತ್ತದೆ, ಯಾವುದಕ್ಕೆ ಸಾಯುವುದಿಲ್ಲ, ನಿಮ್ಮ ಮೇಡಂ ಅವರ ಫೋನ್ ನಂಬರು, ಇಷ್ಟು ಬರೆದು ಪರ್ಸಿನಲ್ಲಿಟ್ಟುಕೋ. ಜ್ವರ ಬಂದರೆ ಡಾಕ್ಟರು ಕೇಳುವ ಮೊದಲೇ ಮೇಜಿನ ಮೇಲಿಡು. ಸೂಜಿ ಚುಚ್ಚಿದರೆ, ಕಣ್ಣಿಗೆ ಸಿಡಿದರೆ, ಕೈ ತೊಳೆದ ಕೂಡಲೇ ಹೇಳು, ಯಾರು ನಕ್ಕರೂ ಸರಿ.

ಚೀಟಿಯ ಒಂದು ಪ್ರತಿ ನನಗೆ ಕಳಿಸು. ಅಮ್ಮನಿಗೆ ಬೇಡ, ಓದಿದರೆ ಮಾರನೇ ಬೆಳಿಗ್ಗೆಯ ಬಸ್ಸಿಗೆ ಬೆಂಗಳೂರಿಗೆ ಹೊರಟುಬಿಡುತ್ತಾಳೆ.

ಇತಿ
ನಿನ್ನ ಮಾವ