ಗಾದೆಯ ಜೊತೆಗೆ ಅದನ್ನು ಆಡಿದವರ ನೆನಪೂ ಉಳಿಯಲಿ

ಮಾನ್ಯ ಸಂಪಾದಕರಿಗೆ,
ನಮಸ್ಕಾರಗಳು.

ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ಈಗ ನಿವೃತ್ತಳಾಗಿರುವ ನಾನು, ಈಚಿನ ಕೆಲವು ತಿಂಗಳುಗಳಿಂದ ಕೀನ್ಯಾ ದೇಶದ ಬುಕುಸು ಜನರ ಗಾದೆಗಳ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಬೀದರ್ ಜಿಲ್ಲೆಯ ಒಂದು ಮೂಲೆಯಲ್ಲಿ ಕುಳಿತವಳಿಗೆ ಆಫ್ರಿಕದ ಗಾದೆಗಳ ಗೊಡವೆ ಏಕೆ ಎಂದು ಮನೆಯವರೇ ಕೇಳಿದ್ದುಂಟು. ಆ ಓದು ನನ್ನನ್ನು ನಮ್ಮೂರಿನ ಕಣಕ್ಕೇ ತಂದು ನಿಲ್ಲಿಸಿತು ಎಂಬುದೇ ಈ ಪತ್ರ ಬರೆಯಲು ಕಾರಣ.

ಬುಕುಸು ಜನರು ಕೀನ್ಯಾದ ಪಶ್ಚಿಮದಲ್ಲಿ, ಯುಗಾಂಡದ ಗಡಿಯ ಎಲ್ಗಾನ್ ಪರ್ವತದ ಆಸುಪಾಸಿನಲ್ಲಿ, ಹೆಚ್ಚಾಗಿ ಬುಂಗೋಮಾ ಸೀಮೆಯಲ್ಲಿ ಬೇಸಾಯ ಮಾಡಿಕೊಂಡು, ದನ ಸಾಕಿಕೊಂಡು ಬಾಳುವವರು. ಲುಹ್ಯಾ ಎಂಬ ದೊಡ್ಡ ಸಮುದಾಯದ ಒಂದು ಶಾಖೆ. ಅವರ ನುಡಿ ಲುಬುಕುಸು. ಅವರಲ್ಲಿ ಗೌರವದಿಂದ ಬಾಳಿದ ಹಿರಿಯರೊಬ್ಬರು ತೀರಿಕೊಂಡರೆ, ಮಣ್ಣು ಮಾಡಿದ ಕೆಲವು ದಿನಗಳ ಬಳಿಕ 'ಕುಮುಸೆ' ಎಂಬ ಸಭೆ ಸೇರುತ್ತದೆ. ಊರವರು, ಬೀಗರು ಬಯಲಿನ ಸುತ್ತ ಕುಳಿತಿರುತ್ತಾರೆ. ಅದಕ್ಕೆಂದೇ ಗೊತ್ತಾದ ಮಾತುಗಾರರೊಬ್ಬರು ಕೈಯಲ್ಲಿ ಕೋಲು ಹಿಡಿದು ಆ ಬಯಲಿನ ನಡುವೆ ಅತ್ತಿಂದಿತ್ತ ನಡೆಯುತ್ತ, ತಮ್ಮ ಜನ ಎಲ್ಲಿಂದ ಬಂದರು, ಯಾವ ಕುಲದವರು ಯಾರಿಗೆ ಏನಾಗಬೇಕು, ಸತ್ತವರು ಹೇಗೆ ಬದುಕಿದರು, ಉಳಿದವರು ಜಗಳವಿಲ್ಲದೆ ಹೇಗೆ ಬದುಕಬೇಕು ಎಂಬುದನ್ನು ಹೇಳುತ್ತಾರೆ. ಗಾದೆಗಳು ಆ ಮಾತಿನೊಳಗೇ ಹೆಣೆದುಕೊಂಡು ಬರುತ್ತವೆ. ಅಲ್ಲಿ ಗಾದೆಗೆ ಒಂದು ಬಾಯಿ ಇದೆ, ಕೇಳುವ ಕಿವಿ ಇದೆ, ಆಡಬೇಕಾದ ಹೊತ್ತಿದೆ. ನಮ್ಮಲ್ಲಿ ಗಾದೆಯಿಂದ ಈ ಮೂರನ್ನೂ ಬೇರ್ಪಡಿಸಿಬಿಟ್ಟಿದ್ದೇವೆ ಎಂಬುದು ನನ್ನ ದುಃಖ.

ಬೇರ್ಪಡಿಸಿದವರಲ್ಲಿ ನಾನೂ ಒಬ್ಬಳು. ಪರೀಕ್ಷೆಯಲ್ಲಿ 'ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ' ಎಂಬ ಪ್ರಶ್ನೆ ಬರುತ್ತದೆ. 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ಆರಂಭಿಸಿ, ನಡುವೆ ನಾಲ್ಕು ಸಾಲು ಅರ್ಥ ಹೇಳಿ, ಕೊನೆಗೆ 'ಆದ್ದರಿಂದ ನಾವೆಲ್ಲರೂ' ಎಂದು ಮುಗಿಸುವ ಅಚ್ಚನ್ನು ವರ್ಷ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಒಂದು ವರ್ಷ 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆಗೆ ಹುಡುಗನೊಬ್ಬ, 'ಅಧಿಕಾರ ಸಿಕ್ಕಾಗ ನಮ್ಮ ಕೆಲಸ ಸಾಧಿಸಿಕೊಳ್ಳಬೇಕು ಎಂಬುದೇ ಇದರ ಸಾರ' ಎಂದು ಬರೆದಿದ್ದ. ನಾನು ಅದಕ್ಕೆ ಪೂರ್ತಿ ಅಂಕ ಕೊಟ್ಟೆ. ಕೊಟ್ಟಮೇಲೆ ಆ ರಾತ್ರಿ ಅಪ್ಪನ ನೆನಪಾಗಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಾನು ಚಿಕ್ಕವಳಿದ್ದಾಗ ಹಿಂಗಾರಿ ಜೋಳದ ರಾಶಿಯನ್ನು ಕಣದಲ್ಲಿಯೇ ಮಾಡುತ್ತಿದ್ದರು. ನೆಲವನ್ನು ಸಗಣಿಯಿಂದ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಎತ್ತುಗಳಿಂದ ತೆನೆ ತುಳಿಸಿ ಹಂತಿ ಮುಗಿಸಿದ ಮೇಲೆ, ಕಾಳು ಹೊಟ್ಟು ಕೂಡಿದ ಗುಡ್ಡೆಯನ್ನು ಒಂದು ಕಡೆ ಒಟ್ಟಿ ಕಾಯುತ್ತಿದ್ದರು. ಆ ಕಾಯುವಿಕೆ ಎರಡು ದಿನವೂ ಆದೀತು, ನಾಲ್ಕು ದಿನವೂ ಆದೀತು. ಅಪ್ಪ ಕಣ ಬಿಟ್ಟು ಕದಲುತ್ತಿರಲಿಲ್ಲ. ಆಗಾಗ ಎದ್ದು ಒಂದು ಹಿಡಿ ಹೊಟ್ಟನ್ನು ತಲೆಯ ಎತ್ತರದಿಂದ ಬಿಟ್ಟು, ಅದು ಎಲ್ಲಿ ಬೀಳುತ್ತದೆ ಎಂದು ನೋಡಿ ಮತ್ತೆ ಕೂರುತ್ತಿದ್ದರು. ಗಾಳಿ ಸಾಲದಿದ್ದರೆ ಹೊಟ್ಟು ಕಾಳಿನ ಮೇಲೆಯೇ ಬೀಳುತ್ತದೆ; ಜೋರಾದರೆ ಜೊಳ್ಳಿನ ಜೊತೆ ಗಟ್ಟಿ ಕಾಳೂ ಹಾರಿಹೋಗುತ್ತದೆ. ಒಮ್ಮೆ ನಡುರಾತ್ರಿ, 'ಏಳ್ರಿ ಏಳ್ರಿ, ಗಾಳಿ ಬಿಟ್ಟದ' ಎಂದು ನಮ್ಮನ್ನೆಲ್ಲ ಎಬ್ಬಿಸಿದರು. ಅಪ್ಪ ಮೂರುಕಾಲಿನ ಎತ್ತರದ ಮಣೆಯ ಮೇಲೆ ಹತ್ತಿ ನಿಂತರು, ಅವ್ವ ಮತ್ತು ಅತ್ತಿ ಬುಟ್ಟಿ ತುಂಬಿ ತುಂಬಿ ಕೊಟ್ಟರು, ನಾನು ಕಾಳಿನ ಮೇಲೆ ಬಿದ್ದ ಕಡ್ಡಿಯನ್ನು ಬಾರಿಗೆಯಿಂದ ಸರಿಸಿದೆ. ಬೆಳಗಾಗುವ ಹೊತ್ತಿಗೆ ಗಾಳಿ ನಿಂತಿತು. ಅಷ್ಟರಲ್ಲಿ ರಾಶಿ ಸ್ವಚ್ಛವಾಗಿತ್ತು. ಪಕ್ಕದ ಕಣದವರ ಹಂತಿ ಇನ್ನೂ ಮುಗಿದಿರಲಿಲ್ಲವಾದ್ದರಿಂದ, ಅದೇ ಗಾಳಿ ಅವರ ಮೇಲೆ ಸುಮ್ಮನೆ ಬೀಸಿ ಹೋಗಿತ್ತು. 'ಗಾಳಿ ಬಂದಾಗ ತೂರಿಕೋ' ಎಂಬ ಮಾತಿನ ಒಳಗೆ ಈ ದುಡಿಮೆಯಷ್ಟೂ ಇದೆ: ಬಿತ್ತಿದ್ದು, ಕೊಯ್ದದ್ದು, ತುಳಿಸಿದ್ದು, ನಿದ್ದೆಗೆಟ್ಟು ಕಾದದ್ದು. ರಾಶಿ ಯಂತ್ರ ಬಂದ ಮೇಲೆ ಹುಟ್ಟಿದ ಆ ಹುಡುಗನಿಗೆ ತೂರುವುದೆಂದರೆ ಏನೆಂದು ತೋರಿಸದೆಯೇ ನಾನು ಗಾದೆ ಕಲಿಸಿದ್ದೆ.

ಹೊತ್ತಿನಿಂದ ಹೊತ್ತಿಗೆ, ಬಾಯಿಯಿಂದ ಬಾಯಿಗೆ ಗಾದೆ ಎಷ್ಟು ತಿರುಗುತ್ತದೆ ಎಂಬುದಕ್ಕೆ ಇನ್ನೊಂದು ಸಂಗತಿ ಹೇಳಲೇಬೇಕು. ನಮ್ಮಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು, ಮರಾಠಿ, ತೆಲುಗು ನಡೆಯುವ ಹಾಗೆಯೇ, ಬುಕುಸು ಜನರು ಮನೆಯಲ್ಲಿ ಲುಬುಕುಸು ಆಡಿದರೂ ಹೊರಗೆ ದೇಶದ ನುಡಿಯಾದ ಸ್ವಾಹಿಲಿಯನ್ನು ಆಡುತ್ತಾರೆ. ಸ್ವಾಹಿಲಿಯಲ್ಲಿ 'ಹರಾಕಾ ಹರಾಕಾ ಹೈನಾ ಬರಾಕಾ' ಎಂಬ ಗಾದೆಯಿದೆ: ಅವಸರ ಅವಸರ ಎಂದರೆ ಬರಕತ್ತಿಲ್ಲ, ಅಂದರೆ ಏಳಿಗೆಯಿಲ್ಲ. ಬೀದರಿನ ಗವಾನ್ ಚೌಕದ ಹತ್ತಿರ ನಿಂತರೂ, ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ನಿಂತರೂ 'ಹರಕತ್ ಮೇ ಬರಕತ್' ಎಂಬ ಮಾತು ಕಿವಿಗೆ ಬೀಳುತ್ತದೆ: ಕೈಕಾಲು ಆಡಿಸಿದರೇ ಬರಕತ್ತು. ಅರಬ್ಬಿಯಿಂದ ಹೊರಟ ಅವೇ ಎರಡು ಪದಗಳು ಕಡಲಿನ ಆ ದಡದಲ್ಲಿ ಒಂದು ಬುದ್ಧಿ ಹೇಳಿದರೆ ಈ ದಡದಲ್ಲಿ ಅದಕ್ಕೆ ಎದುರಾದ ಬುದ್ಧಿ ಹೇಳುತ್ತಿವೆ. ಅದೇ 'ಹರಕತ್ತು' ನಮ್ಮ ಕನ್ನಡಕ್ಕೆ ಬಂದು 'ಹರಕತ್ತಿಲ್ಲ' ಎಂದಾಗ ಅಡ್ಡಿಯಿಲ್ಲ ಎಂಬ ಅರ್ಥ ಪಡೆಯಿತು. ಎರಡೂ ಗಾದೆ ನಿಜ. ಅವಸರಗೇಡಿಗೆ ಒಂದನ್ನು ಹೇಳಬೇಕು, ಮೈಗಳ್ಳನಿಗೆ ಇನ್ನೊಂದನ್ನು. ಯಾರಿಗೆ ಯಾವುದು ಎಂದು ಅರಿತು ಆಡುವುದರಲ್ಲಿಯೇ ಹಿರಿಯರ ಜಾಣತನವಿತ್ತು. ಇನ್ನು ಕೆಲವು ಕಡೆ ಎರಡು ನಾಡುಗಳೂ ಒಂದೇ ಮಾತನ್ನು ಆಡಿವೆ. ಚೂರು ಚೂರು ಸೇರಿ 'ಕಿಬಾಬಾ' ತುಂಬುತ್ತದೆ ಎನ್ನುತ್ತದೆ ಇನ್ನೊಂದು ಸ್ವಾಹಿಲಿ ಗಾದೆ. ಕಿಬಾಬಾ ಎಂದರೆ ಕಾಳು ಅಳೆಯುವ ಮಾಪು. 'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬಲ್ಲಿನ ಬಳ್ಳವೂ ಕಾಳಿನ ಅಳತೆಯೇ ಎಂಬುದು ಇಂದಿನ ಎಷ್ಟು ಮಕ್ಕಳಿಗೆ ಗೊತ್ತು?

ಮಳೆಯ ಗಾದೆಗಳ ವಿಷಯವೂ ಹೀಗೆಯೇ. 'ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ' ಎಂಬುದನ್ನು ಮಕ್ಕಳು ಪ್ರಾಸಕ್ಕಾಗಿ ನೆನಪಿಡುತ್ತಾರೆ. ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಆ ಮಳೆಗಾಗಿ ಹೊಲ ಹದಮಾಡಿಕೊಂಡು ಮುಗಿಲು ನೋಡಿದವರಿಗೆ ಅದು ಪಂಚಾಂಗವಾಗಿತ್ತು.

ಆದ್ದರಿಂದ ನನ್ನ ಬೇಡಿಕೆ ಎರಡು. ಪ್ರಶ್ನೆಪತ್ರಿಕೆ ರಚಿಸುವವರು ಗಾದೆಯನ್ನು ಕೊಟ್ಟು ವಿಸ್ತರಿಸಲು ಹೇಳುವ ಬದಲು, ಒಂದು ಸಂದರ್ಭವನ್ನು ಕೊಟ್ಟು, ಅಲ್ಲಿ ಯಾರು ಯಾರಿಗೆ ಯಾವ ಗಾದೆ ಹೇಳಬಹುದು, ಏಕೆ ಎಂದು ಕೇಳಲಿ. ಅಚ್ಚಿನ ಉತ್ತರ ಅಲ್ಲಿ ನಡೆಯದು. ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳಲೇಬೇಕಾಗುತ್ತದೆ. ಎರಡನೆಯದಾಗಿ, ತಮ್ಮ ಪತ್ರಿಕೆಯ ಕಲ್ಯಾಣ ಕರ್ನಾಟಕ ಪುಟಗಳಲ್ಲಿ ವಾರಕ್ಕೊಮ್ಮೆ ಕಾಲು ಪುಟದಷ್ಟು ಜಾಗವನ್ನು ಇದಕ್ಕೆ ಮೀಸಲಿಡಬೇಕು. ಒಂದು ವಾರಕ್ಕೆ ಒಂದೇ ಗಾದೆ ಸಾಕು. ಆದರೆ ಅದನ್ನು ಕಳಿಸುವವರು ಯಾರ ಬಾಯಿಂದ, ಯಾವ ಕೆಲಸದ ನಡುವೆ, ಯಾರನ್ನು ಉದ್ದೇಶಿಸಿ ಆಡಿದ್ದನ್ನು ಕೇಳಿದೆವು ಎಂದು ಬರೆಯಬೇಕು. ಹೆಣ್ಣುಮಕ್ಕಳನ್ನು, ದುಡಿಯುವ ಜಾತಿಗಳನ್ನು ಹೀಗಳೆಯುವ ಗಾದೆಗಳೂ ನಮ್ಮಲ್ಲಿ ಕಡಿಮೆಯೇನಿಲ್ಲ. ಆಡಿದವರು ಯಾರು, ಕೇಳಿ ತಲೆ ತಗ್ಗಿಸಿದವರು ಯಾರು ಎಂದು ಬರೆದಾಗ ಅವುಗಳ ಬಣ್ಣವೂ ಬಯಲಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಗಳ ಕನ್ನಡ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಈ ಕೆಲಸಕ್ಕೆ ಕೈ ಹಾಕಬಹುದು.

ನಮ್ಮೂರಿನಲ್ಲಿ ಹಂತಿ ಹೊಡೆದವರು ಇನ್ನು ಮೂವರೇ ಉಳಿದಿದ್ದಾರೆ. ಅವರಲ್ಲಿ ಹಿರಿಯರಾದ ಕಾಕಾ ಒಬ್ಬರಿಗೆ ಈಗ ಕಿವಿ ಕೇಳಿಸುವುದಿಲ್ಲ. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಪ್ರಶ್ನೆ ಬರೆದು ತೋರಿಸಿದರೆ ಓದಿಕೊಂಡು ಮಾತಾಡುತ್ತಾರೆ. ತಾವು ಅಂಕಣ ಆರಂಭಿಸಿದರೆ ಮೊದಲ ಗಾದೆಯನ್ನು ಅವರಿಂದ ಬರೆದುಕೊಂಡು ಕಳಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ,
ಔರಾದ ತಾಲ್ಲೂಕು, ಬೀದರ್ ಜಿಲ್ಲೆ